ಗಟ್ಟಿ ದನಿಯ ಗುಟ್ಟು

ಧ್ವನಿಯನ್ನು ಹಿಡಿದಿಡುವ ವಿದ್ಯೆಯು ಬಹುಕಾಲ ದೊಡ್ಡ ಸಂಸ್ಥೆಗಳ ಕೈಯಲ್ಲಿಯೇ ಇತ್ತು. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಯಲ್ಲಿ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಕೊನೆಯ ದಿನಗಳಲ್ಲಿ ಮೈಸೂರಿನ ಆಸ್ಥಾನವನ್ನು ಸೇರಿ, 1930ರಲ್ಲಿ ಆ ನಗರದಲ್ಲಿಯೇ ತೀರಿಕೊಂಡ ಕಲಾವಿದೆ ಇವರು. ಆ ಕಾಲಕ್ಕೆ ಧ್ವನಿಮುದ್ರಣದಲ್ಲಿ ಮೈಕಿನ ಬಳಕೆ ಬಂದಿರಲಿಲ್ಲ. ಹಾಡುವವರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕಾಗಿತ್ತು. ಅವರ ಕಂಠದ ಬಲವೇ ಮುಳ್ಳನ್ನು ಅಲುಗಿಸಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ದನಿ ಕುಗ್ಗಿದರೆ ಗೆರೆಯೂ ಸೊರಗುತ್ತಿತ್ತು. 1925ರಲ್ಲಿ ವಿದ್ಯುತ್ತಿನ ನೆರವಿನಿಂದ ಮುದ್ರಿಸುವ ಪದ್ಧತಿ ಬಳಕೆಗೆ ಬಂದ ಮೇಲೆ ಮೆಲುದನಿಯನ್ನೂ ಹಿಡಿಯುವುದು ಸಾಧ್ಯವಾಯಿತು. ಇಂದು ಒಂದು ಗಣಕಯಂತ್ರವೂ ಒಂದು ಮೈಕೂ ಇದ್ದರೆ ಮನೆಯ ಕೋಣೆಯಲ್ಲಿಯೇ ಹಾಡನ್ನು ಮುದ್ರಿಸಬಹುದು.

ಆದರೆ ಹೀಗೆ ಮುದ್ರಿಸಿದವರೆಲ್ಲರಿಗೂ ಒಂದು ಸಮಸ್ಯೆ ಎದುರಾಗುತ್ತದೆ. ನುರಿತವರು ಸಿದ್ಧಪಡಿಸಿದ ಹಾಡೊಂದನ್ನು ಕೇಳಿ, ಅದರ ಬೆನ್ನಿಗೇ ಮನೆಯಲ್ಲಿ ಮುದ್ರಿಸಿದ ಹಾಡನ್ನು ಕೇಳಿದರೆ ಎರಡನೆಯದು ದೂರದಲ್ಲೆಲ್ಲೋ ಹಾಡಿದಂತೆ ಕ್ಷೀಣವಾಗಿ ಕೇಳಿಸುತ್ತದೆ. ಗಣಕಯಂತ್ರದಲ್ಲಿ ದನಿಯನ್ನು ಇನ್ನಷ್ಟು ಏರಿಸಹೊರಟರೆ ಹಾಡು ಒಡೆದು ಕರಕರ ಸದ್ದು ಹೊರಡುತ್ತದೆ. ಹಾಡುಗಾರಿಕೆ ಚೆನ್ನಾಗಿಯೇ ಇದ್ದರೂ ಹೀಗಾಗುವುದೇಕೆ?

ಮೊದಲು ಧ್ವನಿಯನ್ನು ಅಂಕಿಗಳಲ್ಲಿ ಬರೆದಿಡುವ ಬಗೆಯನ್ನು ತಿಳಿಯಬೇಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆಯಲಾಗುತ್ತದೆ. ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಯಾವುದಾದರೊಂದರ ಮೇಲೆ ಗುರುತಿಸಲಾಗುತ್ತದೆ. ಕಟ್ಟಕಡೆಯ ಮೆಟ್ಟಿಲಿನ ಆಚೆಗೆ ಅಲೆಗೆ ಜಾಗವೇ ಇಲ್ಲ. ಈ ಸೂರನ್ನು ಮೀರಿ ಹೋಗಲೆತ್ನಿಸುವ ಅಲೆಯ ತಲೆಯು ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಒಡಕು ಸದ್ದಿಗೆ ಇದೇ ಕಾರಣ.

ಮನೆಯಲ್ಲಿ ಮುದ್ರಿಸಿದ ಹಾಡಿಗೂ ನುರಿತವರ ಹಾಡಿಗೂ ಸೂರು ಒಂದೇ. ವ್ಯತ್ಯಾಸವಿರುವುದು ಸೂರಿನ ಕೆಳಗಿನ ಜಾಗವನ್ನು ಬಳಸುವ ರೀತಿಯಲ್ಲಿ. ತಂಬೂರಿ, ಕಂಠ, ಮೃದಂಗ ಈ ಮೂರೂ ಕೂಡಿರುವ ಒಂದು ಕೀರ್ತನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೃದಂಗದ ಒಂದು ಪೆಟ್ಟು ಬಿದ್ದಾಗ ಅಲೆಯು ಥಟ್ಟನೆ ಮೇಲಕ್ಕೆ ಚಿಮ್ಮಿ, ಸೆಕೆಂಡಿನ ಕೆಲವೇ ಸಾವಿರದ ಪಾಲುಗಳಲ್ಲಿ ಕೆಳಗಿಳಿಯುತ್ತದೆ. ಕಂಠದ ಅಲೆ ಅಷ್ಟು ಎತ್ತರಕ್ಕೆ ಏರದು. ಆದರೆ ಬಹಳ ಹೊತ್ತು ನಿಲ್ಲುತ್ತದೆ. ಮನುಷ್ಯನ ಕಿವಿಯು ಕ್ಷಣಮಾತ್ರದ ಶಿಖರಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಒಟ್ಟು ದನಿಯ ಸರಾಸರಿಯನ್ನು ಆಧರಿಸಿಯೇ ಅದು ‘ಇದು ಗಟ್ಟಿ, ಇದು ಮೆಲು’ ಎಂದು ನಿರ್ಣಯಿಸುತ್ತದೆ. ಹೀಗಾಗಿ ಮೃದಂಗದ ಪೆಟ್ಟು ಸೂರನ್ನು ಮುಟ್ಟಿದ್ದರೂ ಕಂಠವು ತಗ್ಗಿನಲ್ಲಿಯೇ ಇದ್ದರೆ ಇಡೀ ಹಾಡು ಕ್ಷೀಣವೆನಿಸುತ್ತದೆ.

ಇದಕ್ಕೊಂದು ಹೋಲಿಕೆ ಕೊಡಬಹುದು. ತಗ್ಗಾದ ಸೂರಿನ ಕೋಣೆಯಲ್ಲಿ ಹತ್ತು ಮಂದಿ ಒಂದೇ ಹಲಗೆಯ ಮೇಲೆ ನಿಂತಿದ್ದಾರೆ. ಅವರಲ್ಲಿ ಒಬ್ಬನು ಬಹಳ ಎತ್ತರದವನು. ಹಲಗೆಯನ್ನು ಮೇಲಕ್ಕೆತ್ತಿದರೆ ಅವನ ತಲೆ ಸೂರಿಗೆ ತಾಗುತ್ತದೆ. ಉಳಿದ ಒಂಬತ್ತು ಮಂದಿ ಕೆಳಗೇ ಉಳಿಯುತ್ತಾರೆ. ಎತ್ತರದವನು ಸ್ವಲ್ಪ ಬಾಗಿದರೆ ಸಾಕು, ಹಲಗೆಯನ್ನು ಅಷ್ಟರಮಟ್ಟಿಗೆ ಏರಿಸಿ ಎಲ್ಲರನ್ನೂ ಮೇಲಕ್ಕೆ ತರಬಹುದು.

ಧ್ವನಿಮುದ್ರಣದಲ್ಲಿ ಹೀಗೆ ಬಾಗಿಸುವ ಸಾಧನಕ್ಕೆ ಕಂಪ್ರೆಸರ್ ಎಂದು ಹೆಸರು. ದನಿಯ ಏರಿಳಿತವನ್ನು ಅಳೆಯುವ ಮಾನವು ಡೆಸಿಬೆಲ್. ಒಂದು ಗಡಿಯನ್ನು ಗೊತ್ತುಪಡಿಸಿ, ಅದನ್ನು ಮೀರಿದ ಭಾಗವನ್ನು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸುವಂತೆ ಕಂಪ್ರೆಸರಿಗೆ ವಿಧಿಸಬಹುದು. ಆಗ ಗಡಿಯನ್ನು 8 ಡೆಸಿಬೆಲ್‌ನಷ್ಟು ಮೀರಿದ ಮೃದಂಗದ ಪೆಟ್ಟು 2 ಡೆಸಿಬೆಲ್‌ನಷ್ಟು ಮಾತ್ರ ಮೀರುತ್ತದೆ. ಉಳಿದ 6 ಡೆಸಿಬೆಲ್ ಜಾಗದಲ್ಲಿ ಇಡೀ ಹಾಡನ್ನು ಮೇಲಕ್ಕೆತ್ತಬಹುದು. 6 ಡೆಸಿಬೆಲ್ ಏರಿದರೆ ಅಲೆಯ ಎತ್ತರವು ಇಮ್ಮಡಿಯಾಗುತ್ತದೆ; ಆದರೆ ಕಿವಿಗೆ ಇಮ್ಮಡಿ ಗಟ್ಟಿ ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಕೊನೆಯಲ್ಲಿ ಲಿಮಿಟರ್ ಎಂಬ ಇನ್ನೊಂದು ಸಾಧನವು ಬಾಗಿಲ ಕಾವಲುಗಾರನಂತೆ ನಿಂತು, ಯಾವ ಶಿಖರವೂ ಸೂರಿಗೆ ತಾಗದಂತೆ ನೋಡಿಕೊಳ್ಳುತ್ತದೆ.

ಈ ಸಾಧನಗಳನ್ನು ಬಳಸುವ ಮೊದಲು ಹಾಡನ್ನು ಶುಚಿಮಾಡಬೇಕು. ನಮ್ಮ ಕಿವಿ ಎಲ್ಲ ಸ್ವರಗಳಿಗೂ ಒಂದೇ ಸಮನಾಗಿ ಸ್ಪಂದಿಸುವುದಿಲ್ಲವೆಂದು ಅಮೆರಿಕದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿಕೊಟ್ಟರು. ಬಹಳ ತಗ್ಗಿನ ಸ್ವರಗಳು ಬಲವಾಗಿದ್ದರೂ ಕಿವಿಗೆ ಮೆಲ್ಲಗೆ ಕೇಳಿಸುತ್ತವೆ. ಫ್ಯಾನಿನ ಗುಂಯ್‌ಗುಟ್ಟುವಿಕೆ, ಬೀದಿಯ ಲಾರಿಗಳ ಗುಡುಗು ಹೀಗೆಯೇ ಹಾಡಿನೊಳಗೆ ಅಡಗಿ ಕುಳಿತು ಸೂರಿನ ಕೆಳಗಿನ ಜಾಗವನ್ನು ವ್ಯರ್ಥವಾಗಿ ನುಂಗುತ್ತವೆ. ಇವುಗಳನ್ನು ಮೊದಲೇ ಸೋಸಿ ತೆಗೆಯಬೇಕು. ಇನ್ನೂ ಒಂದು ಎಚ್ಚರಿಕೆ ಅಗತ್ಯ. ಹಲಗೆಯನ್ನು ಏರಿಸಿದಾಗ ಹಾಡಿನೊಂದಿಗೆ ಕೋಣೆಯ ಗದ್ದಲವೂ ಏರುತ್ತದೆ. ಆದುದರಿಂದ ಫ್ಯಾನನ್ನು ನಿಲ್ಲಿಸಿ, ಕಿಟಕಿಯನ್ನು ಮುಚ್ಚಿ, ಮೈಕಿನ ಸಮೀಪದಲ್ಲಿ ಕುಳಿತು ಹಾಡುವುದು ಯಾವ ಯಂತ್ರವೂ ಕೊಡಲಾರದಷ್ಟು ಲಾಭವನ್ನು ಕೊಡುತ್ತದೆ.

ಇಷ್ಟು ತಿಳಿದ ಮೇಲೆ, ಶಿಖರಗಳನ್ನು ಇನ್ನೂ ಹೆಚ್ಚು ಬಾಗಿಸಿ ಹಾಡನ್ನು ಇನ್ನೂ ಗಟ್ಟಿ ಮಾಡಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. 1990ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಸಂಗೀತ ವ್ಯಾಪಾರದಲ್ಲಿ ಆದದ್ದು ಇದೇ. ಗಟ್ಟಿಯಾಗಿ ಕೇಳಿಸುವ ಹಾಡೇ ಥಟ್ಟನೆ ಗಮನ ಸೆಳೆಯುವುದೆಂಬ ನಂಬಿಕೆಯಿಂದ ಒಬ್ಬರನ್ನು ಮೀರಿಸಿ ಒಬ್ಬರು ದನಿಯನ್ನು ಏರಿಸುತ್ತ ಹೋದರು. ಅಮೆರಿಕದ ಮೆಟಾಲಿಕಾ ತಂಡವು 2008ರಲ್ಲಿ ‘ಡೆತ್ ಮ್ಯಾಗ್ನೆಟಿಕ್’ ಎಂಬ ಹಾಡುಗಳ ಸಂಗ್ರಹವನ್ನು ಹೊರತಂದಾಗ ಅದರ ಅಭಿಮಾನಿಗಳೇ ಆಕ್ಷೇಪವೆತ್ತಿದರು. ಅವೇ ಹಾಡುಗಳು ಒಂದು ವಿಡಿಯೋ ಆಟದಲ್ಲಿ ಅಷ್ಟಾಗಿ ಒತ್ತಡಕ್ಕೆ ಸಿಕ್ಕದೆ ಹೆಚ್ಚು ಸ್ಪಷ್ಟವಾಗಿ ಕೇಳಿಸಿದ್ದವು. ಏರಿಳಿತವನ್ನು ಕಳೆದುಕೊಂಡ ಸಂಗೀತವು ಕಿವಿಯನ್ನು ಬಹುಬೇಗ ದಣಿಸುತ್ತದೆ. ಎಲ್ಲವೂ ಗಟ್ಟಿಯಾದಾಗ ಯಾವುದೂ ಗಟ್ಟಿಯಾಗಿ ಉಳಿಯುವುದಿಲ್ಲ.

ಈ ಪೈಪೋಟಿಗೆ ತಡೆ ಒದಗಿದ್ದು ಅಳತೆಯ ವಿಧಾನದಿಂದ. ಶಿಖರಗಳನ್ನು ಬಿಟ್ಟು, ಕಿವಿಯ ಸ್ವಭಾವಕ್ಕೆ ಹೊಂದುವಂತೆ ಒಟ್ಟು ದನಿಯನ್ನೇ ಅಳೆಯುವ ಕ್ರಮವೊಂದನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿ ಪ್ರಕಟಿಸಿತು. ಈಗ ಅಂತರ್ಜಾಲದ ಮೂಲಕ ಹಾಡುಗಳನ್ನು ಕೇಳಿಸುವ ಸ್ಪಾಟಿಫೈ, ಯೂಟ್ಯೂಬ್ ಮೊದಲಾದವು ಇದೇ ಬಗೆಯ ಅಳತೆಯಿಂದ ಹಾಡುಗಳನ್ನು ತೂಗಿ ನೋಡುತ್ತವೆ. ಸೂರಿನಿಂದ ಸುಮಾರು 14 ಅಂಶ ಕೆಳಗಿನ ಮಟ್ಟವನ್ನು ಗುರಿಯಾಗಿಟ್ಟುಕೊಂಡು, ಅದಕ್ಕಿಂತ ಗಟ್ಟಿಯಾದ ಹಾಡನ್ನು ಸಾಮಾನ್ಯವಾಗಿ ತಾವೇ ತಗ್ಗಿಸುತ್ತವೆ. ಸೂರಿನಿಂದ 8 ಅಂಶ ಮಾತ್ರ ಕೆಳಗಿರುವಂತೆ ಒತ್ತಿ ತುಂಬಿದ ಹಾಡು ಅಲ್ಲಿ 6 ಅಂಶ ಇಳಿಯುತ್ತದೆ. ಅಷ್ಟು ಕಷ್ಟಪಟ್ಟು ಏರಿಸಿದ ಗಟ್ಟಿತನವು ಹೊರಟುಹೋಗಿ, ಜಜ್ಜಿದ ಮೃದಂಗದ ಪೆಟ್ಟುಗಳು ಮಾತ್ರ ಹಾಗೆಯೇ ಉಳಿಯುತ್ತವೆ.

ಆದುದರಿಂದ ಎರಡು ಹಾಡುಗಳನ್ನು ಹೋಲಿಸುವವರು ಮೊದಲು ಎರಡರ ದನಿಯನ್ನೂ ಕಿವಿಗೆ ಸಮನೆನಿಸುವ ಮಟ್ಟಕ್ಕೆ ತಂದುಕೊಳ್ಳಬೇಕು. ಗಟ್ಟಿಯಾದದ್ದು ಮೊದಲ ಕ್ಷಣದಲ್ಲಿ ಉತ್ತಮವೆಂದು ತೋರುವುದು ಕಿವಿಯ ದೌರ್ಬಲ್ಯ. ಸಮನಾದ ದನಿಯಲ್ಲಿ ಕೇಳಿದಾಗ ಮಾತ್ರ ಸಾಹಿತ್ಯದ ಸ್ಪಷ್ಟತೆ, ಗಮಕದ ನಯ, ಶ್ರುತಿಯ ಶುದ್ಧಿ ಇವುಗಳ ನಿಜವಾದ ಅಂತರ ತಿಳಿಯುತ್ತದೆ. ಆಲಾಪನೆಯು ತಂಬೂರಿಯ ನಾದದಿಂದ ಮೆಲ್ಲನೆ ಎದ್ದು ತಾರಸ್ಥಾಯಿಯನ್ನು ಮುಟ್ಟುವಾಗ ಕೇಳುವವರಿಗೆ ಆಗುವ ರೋಮಾಂಚನವು ಆ ಮೆಲುದನಿಯ ಕೊಡುಗೆಯೇ ಆಗಿದೆ. ಗೌಹರ್ ಜಾನ್ ಅವರ ಕಾಲದ ಕಹಳೆಗೆ ಆ ಮೆಲುದನಿಯನ್ನು ಹಿಡಿಯುವ ಶಕ್ತಿ ಇರಲಿಲ್ಲ. ಇಂದಿನ ಯಂತ್ರಕ್ಕೆ ಆ ಶಕ್ತಿ ಇದೆ; ಅದನ್ನು ಉಳಿಸಿಕೊಳ್ಳುವ ವಿವೇಕವು ಯಂತ್ರವನ್ನು ನಡೆಸುವವರಲ್ಲಿ ಇರಬೇಕು.