ಗೋಡೆ ಬಿದ್ದರೆ ದಂಡ ಯಾರಿಗೆ?

ನೋಡಿ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ಆಟ ನಡೆಸೋನು ಕ್ವಾರ್ಟರ್‌ಬ್ಯಾಕ್. ಅವನಿಗೆ ಕಾವಲಾಗಿ ಐದು ಜನರ ಗೋಡೆ, ಅದೇ ಅಫೆನ್ಸಿವ್ ಲೈನ್. ಚೆಂಡು ಎಸೆಯೋ ಮೊದಲೇ ಎದುರಾಳಿ ನುಗ್ಗಿ ಅವನನ್ನ ಕೆಡವಿದರೆ ಅದು ಸ್ಯಾಕ್.

2023ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಶೆಡೂರ್ ಸ್ಯಾಂಡರ್ಸ್ 11 ಪಂದ್ಯಗಳಲ್ಲಿ 52 ಸಲ ಹೀಗೆ ನೆಲಕ್ಕೆ ಬಿದ್ದ. ಕಾಲೇಜು ಫುಟ್‌ಬಾಲ್‌ನಲ್ಲಿ ಸ್ಯಾಕ್‌ನಿಂದ ಹೋದ ಯಾರ್ಡ್‌ಗಳನ್ನ ಅವನ ಓಟದ ಖಾತೆಯಿಂದಲೇ ಕಳೀತಾರೆ. ಅದಕ್ಕೇ ಅವನ ಓಟ ಮೈನಸ್ 77! ಆದರೆ ಅದೇ ವರ್ಷ ಅವನು ಎಸೆದ ಟಚ್‌ಡೌನ್ 27, ಎದುರಾಳಿ ಕೈಸೇರಿದ ಎಸೆತ ಬರೀ 3.

ಹಾಗಂತ ತಪ್ಪೆಲ್ಲ ಗೋಡೆಯದ್ದೇ ಅಲ್ಲ. ಚೆಂಡು ಹಿಡ್ಕೊಂಡೇ ಕಾಯುತ್ತಾ ನಿಂತರೆ ಅವನೂ ಹೊಣೆ. ಆಗ ವೃತ್ತಿಪರ ತಂಡದ ಬಾಗಿಲಲ್ಲಿ ನಿಂತಿದ್ದ ಹುಡುಗನ ಭವಿಷ್ಯ ಅದು. ಬರೀ ಅಂಕಿ ನೋಡಿ ತೀರ್ಪು ಕೊಡಬೇಡಿ. ಗೋಡೆ ಮೊದಲು ಕುಸಿಯಿತೋ, ಅವನೇ ತಡ ಮಾಡಿದನೋ, ಅದನ್ನ ನೋಡಿ.