ಅಲಾರಂ ಕೂಗಿದಾಗ ಓಗೊಡುವವರು ಯಾರು?

ಅಂಗಡಿ, ಗೋದಾಮು ಹಾಗೂ ಮನೆಗಳಿಗೆ ಕಳ್ಳತನದ ಅಲಾರಂ ಅಳವಡಿಸುವ ಪರಿಪಾಠ ಈಗ ಮಹಾನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ತಾಲ್ಲೂಕು ಕೇಂದ್ರದ ಚಿನ್ನಬೆಳ್ಳಿ ವ್ಯಾಪಾರಿಯೂ, ಕೈಗಾರಿಕಾ ವಸಾಹತಿನ ಸಣ್ಣ ಉದ್ಯಮಿಯೂ ತಮ್ಮ ಲೆಕ್ಕಪುಸ್ತಕಗಳಲ್ಲಿ ಈ ಬಾಬ್ತಿನ ವೆಚ್ಚವನ್ನು ತೋರಿಸುತ್ತಿದ್ದಾರೆ. ಆದರೆ ಉಪಕರಣದ ಬೆಲೆಯನ್ನು ಹತ್ತು ಕಡೆ ವಿಚಾರಿಸುವ ನಾವು, ಅದು ಕೂಗಿದಾಗ ಕೇಳಿಸಿಕೊಳ್ಳುವವರು ಯಾರು ಎಂದು ಕೇಳುವುದು ವಿರಳ.

ನನ್ನ ಕಕ್ಷಿದಾರರೊಬ್ಬರ ಗೋದಾಮಿನಲ್ಲಿ ಸೈರನ್ ಇತ್ತು. ಇಲಿ ಓಡಾಡಿದರೂ, ವಿದ್ಯುತ್ ಹೋಗಿ ಬಂದರೂ ಅದು ಕೂಗುತ್ತಿತ್ತು. ಮೊದಲ ತಿಂಗಳು ನೆರೆಯವರು ಎದ್ದು ಬಂದರು. ಎರಡನೆಯ ತಿಂಗಳು ಬೈದರು. ಮೂರನೆಯ ತಿಂಗಳು ಮಗ್ಗುಲು ಬದಲಿಸಿ ಮಲಗಿದರು. ನಿಜವಾಗಿಯೂ ಬೀಗ ಒಡೆದ ರಾತ್ರಿ ಸೈರನ್ ತನ್ನ ಕರ್ತವ್ಯವನ್ನು ತಪ್ಪದೆ ಮಾಡಿತು. ಬಂದವರು ಮಾತ್ರ ಯಾರೂ ಇಲ್ಲ.

ದಾಖಲೆ ಬೇರೆ, ನಿಗಾ ಬೇರೆ

2013ರ ನವೆಂಬರ್ 19ರಂದು ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂ ಒಂದರಲ್ಲಿ ಮಹಿಳೆಯೊಬ್ಬರ ಮೇಲೆ ನಡೆದ ಮಾರಣಾಂತಿಕ ಹಲ್ಲೆಯನ್ನು ಓದುಗರು ಮರೆತಿರಲಾರರು. ಕ್ಯಾಮೆರಾ ಎಲ್ಲವನ್ನೂ ಚಿತ್ರೀಕರಿಸಿತ್ತು. ಆದರೆ ಆ ಹೊತ್ತಿನಲ್ಲಿ ಅದನ್ನು ನೋಡಿ ನೆರವು ಕಳುಹಿಸಿದವರಿರಲಿಲ್ಲ. ಗಾಯಾಳು ಬೇರೆಯವರ ಕಣ್ಣಿಗೆ ಬೀಳಲು ಗಂಟೆಗಳೇ ಹಿಡಿದವು. ಆರೋಪಿ ಸಿಕ್ಕಿದ್ದು 2017ರಲ್ಲಿ. ಕ್ಯಾಮೆರಾ ತನಿಖೆಗೆ ನೆರವಾಗಬಲ್ಲದು. ಅಪರಾಧವನ್ನು ತಡೆಯಬೇಕಾದರೆ ಅದರ ಹಿಂದೆ ಎಚ್ಚರವಾಗಿರುವ ಮನುಷ್ಯ ಬೇಕು.

ಪೊಲೀಸರೇ ನೋಡಿಕೊಳ್ಳಲಿ ಎಂಬ ವಾದ

ತೆರಿಗೆ ಕಟ್ಟುವ ನಾಗರಿಕನಿಗೆ ರಕ್ಷಣೆ ನೀಡುವುದು ಸರ್ಕಾರದ ಹೊಣೆಯಲ್ಲವೇ ಎಂಬುದು ಸಹಜ ಪ್ರಶ್ನೆ. ನೆರೆಯ ಆಂಧ್ರಪ್ರದೇಶದ ಪೊಲೀಸರು 2010ರ ದಶಕದ ಉತ್ತರಾರ್ಧದಲ್ಲಿ ಬೀಗ ಹಾಕಿದ ಮನೆಗಳ ನಿಗಾ ವ್ಯವಸ್ಥೆಯನ್ನು ಆರಂಭಿಸಿದರು. ಊರಿಗೆ ಹೋಗುವವರು ಮೊಬೈಲ್ ಆ್ಯಪ್ ಮೂಲಕ ತಿಳಿಸಿದರೆ, ಪೊಲೀಸರೇ ಚಲನೆ ಗುರುತಿಸುವ ಕ್ಯಾಮೆರಾ ಇರಿಸುತ್ತಾರೆ; ಎಚ್ಚರಿಕೆ ನೇರವಾಗಿ ನಿಯಂತ್ರಣ ಕೊಠಡಿಗೆ ಹೋಗುತ್ತದೆ. ಶ್ಲಾಘನೀಯ ಕ್ರಮವೇ ಸರಿ. ಆದರೆ ಇದು ಕೆಲವು ದಿನಗಳ ಮಟ್ಟಿಗಿನ ಏರ್ಪಾಡು. ಒಂದು ಜಿಲ್ಲೆಯ ಎಲ್ಲ ಅಂಗಡಿಮನೆಗಳ ಅಲಾರಂಗಳೂ ವರ್ಷವಿಡೀ ಠಾಣೆಗೇ ಕೂಗತೊಡಗಿದರೆ ಏನಾದೀತು?

ಅಮೆರಿಕದ ಅನುಭವ ಇಲ್ಲಿ ಪಾಠವಾಗಬೇಕು. ಅಲ್ಲಿನ ನ್ಯಾಯ ಇಲಾಖೆ ಪ್ರಕಟಿಸಿದ ಮಾರ್ಗದರ್ಶಿಯ ಪ್ರಕಾರ, ಪೊಲೀಸರಿಗೆ ಬರುವ ಕಳ್ಳತನದ ಅಲಾರಂ ಕರೆಗಳಲ್ಲಿ ಶೇ. 94ರಿಂದ 98ರಷ್ಟು ಹುಸಿ. ಕೆಲವರ ಆಸ್ತಿಯ ಹುಸಿಗಂಟೆಗೆ ಪೊಲೀಸರು ಓಡುವ ಹೊತ್ತಿನಲ್ಲಿ, ನಿಜವಾದ ಆಪತ್ತಿನಲ್ಲಿರುವ ಬಡವನ ಕರೆ ಕಾಯುತ್ತದೆ. ಸಾಲ್ಟ್ ಲೇಕ್ ಸಿಟಿಯ ಪೊಲೀಸರು 2000ದ ಡಿಸೆಂಬರ್‌ನಲ್ಲಿ ನಿಯಮ ಬದಲಿಸಿದರು: ಮೊದಲು ಖಾಸಗಿ ಕಾವಲುಗಾರ ಸ್ಥಳಕ್ಕೆ ಹೋಗಿ ನೋಡಬೇಕು, ಅಪರಾಧ ಖಚಿತವಾದರೆ ಮಾತ್ರ ಪೊಲೀಸರು ಬರುತ್ತಾರೆ. ಅಲಾರಂ ಕರೆಗಳು ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಇಳಿದವು.

ಖಾಸಗಿಯವರ ಮಿತಿ

ಹಾಗೆಂದು ಎಲ್ಲವನ್ನೂ ಖಾಸಗಿಯವರ ಕೈಗೆ ಒಪ್ಪಿಸಿ ನಿಶ್ಚಿಂತರಾಗುವಂತಿಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆಯಂತೆ ಭದ್ರತಾ ಏಜೆನ್ಸಿಗೆ ಪರವಾನಗಿ ಕಡ್ಡಾಯ. ಕಾವಲುಗಾರನಿಗೆ ಪೊಲೀಸರ ಅಧಿಕಾರವಿಲ್ಲ. ತನ್ನ ಕಣ್ಣೆದುರು ಗಂಭೀರ ಅಪರಾಧ ನಡೆದಾಗ ಸಾಮಾನ್ಯ ನಾಗರಿಕನಂತೆ ಹಿಡಿಯಬಹುದು. ಹಿಡಿದವನನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮಿನ ಪ್ರಕಾರ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅಲ್ಲದೆ, ನಷ್ಟವಾದರೆ ಕಂಪನಿಯ ಹೊಣೆ ಎಷ್ಟು ಎಂಬ ಷರತ್ತು ಕರಾರಿನ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ. ನಾನು ಪರಿಶೀಲಿಸಿದ ಕರಾರುಗಳಲ್ಲಿ ಅದು ಬಹುತೇಕ ಸೇವಾಶುಲ್ಕದ ಮೊತ್ತವನ್ನು ಮೀರುವುದಿಲ್ಲ.

ಲೆಕ್ಕದ ಮಾತು

ವ್ಯಾಪಾರ ಸ್ಥಳದ ನಿಗಾ ಸೇವೆಗೆ ತೆತ್ತ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ವಾಸದ ಮನೆಯದಕ್ಕೆ ಇಲ್ಲ. ಎರಡಕ್ಕೂ ಒಂದೇ ಬಿಲ್ ಪಡೆಯುವ ಸದಸ್ಯರು ಎಚ್ಚರ ವಹಿಸಬೇಕು. ಕಂಪನಿಯಲ್ಲದ ಏಜೆನ್ಸಿಯಿಂದ ಕಾವಲು ಸಿಬ್ಬಂದಿ ಪಡೆದರೆ, 2019ರ ಜನವರಿ 1ರಿಂದ ನೋಂದಾಯಿತ ವರ್ತಕರೇ ಹಿಮ್ಮುಖ ವಿಧಾನದಲ್ಲಿ ತೆರಿಗೆ ಕಟ್ಟಬೇಕು. ರಾಜಿ ತೆರಿಗೆದಾರರಿಗೆ ಇದರಿಂದ ವಿನಾಯಿತಿ ಇದೆ.

ವಿಮೆಯ ವಿಚಾರ ಇನ್ನೂ ಮುಖ್ಯ. ಕನ್ನಕಳವು ಪಾಲಿಸಿಯಲ್ಲಿ ಬಲಪ್ರಯೋಗದ ಪ್ರವೇಶ ಎಂಬ ಷರತ್ತಿದ್ದರೆ, ಬಲಪ್ರಯೋಗವಿಲ್ಲದ ಕಳ್ಳತನಕ್ಕೆ ಪರಿಹಾರವಿಲ್ಲವೆಂದು ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿಯೇ ಹೇಳಿದೆ. ಅಲಾರಂ ದಾಖಲೆ, ಕ್ಯಾಮೆರಾ ಚಿತ್ರ ಹಾಗೂ ಪೊಲೀಸ್ ದೂರು ಈ ಸಂದರ್ಭದಲ್ಲಿ ಒಂದಕ್ಕೊಂದು ಪೂರಕ. ಮೇಲೆ ಹೇಳಿದ ಕಕ್ಷಿದಾರರ ಸೈರನ್ ಯಾವ ದಾಖಲೆಯನ್ನೂ ಉಳಿಸಿರಲಿಲ್ಲ. ಒಡೆದ ಬೀಗವನ್ನು ಎಸೆಯದೆ ಇಟ್ಟುಕೊಂಡದ್ದೇ ಅವರನ್ನು ಕಾಪಾಡಿತು.

ಮಾಡಬೇಕಾದುದೇನು?

ನೋಡುವ, ಖಚಿತಪಡಿಸಿಕೊಳ್ಳುವ ಕೆಲಸ ಖಾಸಗಿಯವರದಾಗಲಿ, ವೆಚ್ಚ ನಮ್ಮದಾಗಲಿ. ಖಚಿತವಾದ ಕರೆಗೆ ತಡವಿಲ್ಲದೆ ಬರುವ ಹೊಣೆ ಪೊಲೀಸರದಾಗಲಿ. ಇದೇ ನ್ಯಾಯವಾದ ಹಂಚಿಕೆ ಎಂಬುದು ನನ್ನ ಅಭಿಪ್ರಾಯ. ಒಬ್ಬೊಬ್ಬರೇ ಭರಿಸಲಾಗದ ವೆಚ್ಚವನ್ನು ಒಂದು ಬೀದಿಯ ಅಥವಾ ಕೈಗಾರಿಕಾ ವಸಾಹತಿನ ವರ್ತಕರು ಒಟ್ಟಾಗಿ ಭರಿಸಬಹುದು. ಸಂಸ್ಥೆಯು ಸದಸ್ಯರ ಪರವಾಗಿ ಸಾಮೂಹಿಕ ಕರಾರು ಮಾಡಿಕೊಂಡು, ಹೊಣೆಯ ಷರತ್ತನ್ನು ಚೌಕಾಸಿ ಮಾಡಿ, ಕರೆ ರವಾನೆಯ ಕ್ರಮವನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳೊಂದಿಗೆ ಚರ್ಚಿಸಿ ಬರಹದಲ್ಲಿ ನಿಗದಿಪಡಿಸುವುದು ಸೂಕ್ತ.

ಅಲ್ಲಿಯವರೆಗೆ ಸದಸ್ಯರು ಒಂದು ಕೆಲಸವನ್ನಾದರೂ ಮಾಡಲಿ. ಒಂದು ರಾತ್ರಿ, ನೆರೆಯವರಿಗೂ ಏಜೆನ್ಸಿಗೂ ಮುಂಚಿತವಾಗಿ ತಿಳಿಸದೆ, ತಮ್ಮದೇ ಅಲಾರಂ ಕೂಗಿಸಿ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಗಡಿಯಾರ ನೋಡಿಕೊಳ್ಳಲಿ. ಕೊಟ್ಟ ಹಣಕ್ಕೆ ಸಿಕ್ಕಿರುವುದೇನು ಎಂಬುದು ಆಗ ತಿಳಿಯುತ್ತದೆ.