ಮನೆಯ ಸಾಮಾನು, ಹೊಲಿಗೆಯ ಸಲಕರಣೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಕೌದಿ ಹೊಲಿಯುವುದು ಹೊಸ ವಿದ್ಯೆಯೇನಲ್ಲ. ಉಟ್ಟು ಹಳತಾದ ಸೀರೆ, ಹರಿದ ಧೋತರ, ಅಂಗಿಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಕೈಹೊಲಿಗೆ ಹಾಕಿದರೆ ಚಳಿಗಾಲಕ್ಕೆ ಹೊದಿಕೆ ಸಿದ್ಧ. ನೆರೆಯ ಮರಾಠಿ ಮನೆಗಳಲ್ಲಿ ಇದನ್ನೇ ಗೋಧಡಿಯೆಂದೂ ವಾಕಳವೆಂದೂ ಕರೆಯುತ್ತಾರೆ. ಹಳೆಯ ಬಟ್ಟೆಯನ್ನು ಹೀಗೆ ಜಾಣತನದಿಂದ ಬಳಸುವ ಗೃಹಿಣಿಯರು ಹೊಲಿಗೆಯ ಸಲಕರಣೆಗಳಿಗೆ ಮಾತ್ರ ಪೇಟೆಯತ್ತ ನೋಡುತ್ತಾರೆ. ಬೇಕಾದುದರಲ್ಲಿ ಬಹುಪಾಲು ಅವರ ಅಡಿಗೆಮನೆಯಲ್ಲಿ, ಅಟ್ಟದ ಮೇಲೆ ಇದ್ದೇ ಇರುತ್ತದೆ.

ಆದರೆ ಕೈಗೆ ಸಿಕ್ಕಿದ್ದೆಲ್ಲ ಸಲಕರಣೆಯಾಗದು. ಮನೆಯಲ್ಲಿಯೇ ಹೊಲಿದು ನಾಲ್ಕು ಕಾಸು ಗಳಿಸುವ ಹೆಣ್ಣುಮಗಳ ಮುಂದೆ ಗಿರಾಕಿಯೊಬ್ಬಳು ಗುಳೇದಗುಡ್ಡದ ಖಣ ತಂದಿಟ್ಟಿದ್ದಾಳೆನ್ನಿ. ಅದಕ್ಕೆ ಎಣ್ಣೆಯ ಕಲೆ ತಗಲಿದರೆ, ಇಲ್ಲವೆ ಕತ್ತರಿ ಒಂದು ಬೆರಳು ಒಳಗೆ ಸರಿದರೆ, ಕೂಲಿಯೂ ಹೋಯಿತು, ಖಣದ ಬೆಲೆಯೂ ಮೈಮೇಲೆ ಬಂತು, ಗಿರಾಕಿಯೂ ತಪ್ಪಿದಳು. ಆದ್ದರಿಂದ ಯಾವ ಸಾಮಾನು ಯಾವ ಕೆಲಸಕ್ಕೆ ಒದಗುತ್ತದೆ, ಏಕೆ ಒದಗುತ್ತದೆ ಎಂಬುದನ್ನು ತಿಳಿದು ಬಳಸುವುದು ಮೇಲು.

ಮೊದಲು ಗುರುತು ಹಾಕುವ ಮಾತು. ಸವೆದು ತೆಳ್ಳಗಾದ ಬಿಳಿ ಸಾಬೂನಿನ ಚೂರನ್ನು ಒಣಗಿಸಿಟ್ಟರೆ ಅದರ ಅಂಚು ಚಾಕಿನಂತೆ ಸಣ್ಣ ಗೆರೆ ಎಳೆಯುತ್ತದೆ. ಬಣ್ಣದ ಬಟ್ಟೆಯ ಮೇಲೆ ಎದ್ದು ಕಾಣುತ್ತದೆ. ನೀರು ಬಿದ್ದರೆ ಹೋಗುತ್ತದೆ. ಸಾಬೂನಿನಲ್ಲಿ ಜಿಡ್ಡಿನ ಅಂಶ ಇರುವುದರಿಂದ ಗೆರೆಯ ಮೇಲೆ ಬಿಸಿ ಇಸ್ತ್ರಿ ಎಳೆಯಬಾರದು. ರೇಶ್ಮೆಯ ಖಣಕ್ಕೆ ಸಾಬೂನೂ ಬೇಡ. ಬೇರೆ ಬಣ್ಣದ ದಾರದಿಂದ ಕಚ್ಚಾ ಹೊಲಿಗೆ ಹಾಕಿ ಗುರುತು ಮಾಡಿ, ಕೆಲಸ ಮುಗಿದ ಮೇಲೆ ಬಿಚ್ಚಬೇಕು. ಬಾಲ್‌ಪೆನ್ನನ್ನು ಬಟ್ಟೆಯ ಹತ್ತಿರ ತರಲೇಬಾರದು.

ಎರಡನೆಯದು, ಕತ್ತರಿಸುವಾಗ ಬಟ್ಟೆ ಸರಿಯದಂತೆ ಹಿಡಿಯುವುದು. ರೇಶ್ಮೆಗೆ ಗುಂಡುಸೂಜಿ ಚುಚ್ಚಿದರೆ ತೂತು ಉಳಿಯುವ ಭಯವುಂಟು. ಅದರ ಬದಲು ಖಲಬತ್ತದ ಗುಂಡನ್ನೋ ಬೇಳೆ ತುಂಬಿದ ಸಣ್ಣ ಡಬ್ಬಿಯನ್ನೋ ಭಾರಕ್ಕೆ ಇಟ್ಟರೆ ಸಾಕು. ಅಡಿಗೆಮನೆಯ ಸಾಮಾನಿಗೆ ಅರಿಷಿಣ, ಎಣ್ಣೆ ಅಂಟಿರುತ್ತದೆ. ಹಳೆಯ ಬಟ್ಟೆಯಲ್ಲಿ ಸುತ್ತಿಯೇ ಇಡಬೇಕು.

ಅಳತೆಯ ಮಾದರಿಗೆ ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರನ್ನು ನೋಡಬೇಕು. ಎಲೆಯ ಮೇಲೆ ತಗಡಿನ ಅಚ್ಚು ಇಟ್ಟು ಅವರು ಕತ್ತರಿ ಆಡಿಸುತ್ತಾರೆ. ನೂರು ಎಲೆ ಕತ್ತರಿಸಿದರೂ ಅಳತೆ ಒಂದೇ. ಇದೇ ಉಪಾಯ ಹೊಲಿಗೆಗೂ ಸಲ್ಲುತ್ತದೆ. ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆ ದಪ್ಪಗಿರುತ್ತದೆ. ಹಿಂಬದಿ ಖಾಲಿ ಇದ್ದರೆ ಇನ್ನೂ ಒಳ್ಳೆಯದು. ತೋಳು, ಕೊರಳು, ಬೆನ್ನಿನ ಆಕಾರಗಳನ್ನು ಅದರ ಮೇಲೆ ಬರೆದು, ಕತ್ತರಿಸಿ, ಗಿರಾಕಿಯ ಹೆಸರು ಬರೆದಿಟ್ಟರೆ ಮುಂದಿನ ಸಲ ಅರ್ಧ ಕೆಲಸ ಉಳಿಯುತ್ತದೆ. ವೃತ್ತಪತ್ರಿಕೆಯ ಮಸಿ ಬಿಳಿ ಬಟ್ಟೆಗೆ ಹತ್ತುವುದರಿಂದ ಅದು ಅಷ್ಟು ಹಿತವಲ್ಲ.

ಇನ್ನು ಇಸ್ತ್ರಿ. ತೋಳಿನ ಹೊಲಿಗೆಯನ್ನು ಸಪಾಟಾದ ಮೇಜಿನ ಮೇಲೆ ಒತ್ತಿದರೆ ಒಳಗಿನ ಅಂಚು ಹೊರಮೈಯಲ್ಲಿ ಗೆರೆಯಾಗಿ ಮೂಡುತ್ತದೆ. ಚಪಾತಿಯ ಲಟ್ಟಣಿಗೆಗೆ ದಪ್ಪ ಅರಿವೆ ಸುತ್ತಿ ತೋಳಿನೊಳಗೆ ತೂರಿಸಿ, ಹೊಲಿಗೆಯನ್ನು ಬಿಡಿಸಿ ಒತ್ತಿರಿ. ದುಂಡಗಿನ ಮೈಯ ಮೇಲೆ ಇಸ್ತ್ರಿ ಹೊಲಿಗೆಯ ಸಾಲನ್ನಷ್ಟೇ ಮುಟ್ಟುತ್ತದೆ. ಅಂಚುಗಳು ಇಳಿಜಾರಿನಲ್ಲಿ ಉಳಿಯುತ್ತವೆ. ಮಡಿಕೆ ನಿಲ್ಲಬೇಕಾದಲ್ಲಿ, ಒದ್ದೆ ಅರಿವೆ ಹಾಕಿ ಇಸ್ತ್ರಿ ಮಾಡಿದ ಕೂಡಲೆ ಬಣ್ಣ ಬಳಿಯದ ಕಟ್ಟಿಗೆಯ ತುಂಡನ್ನು ಅದರ ಮೇಲೆ ಒತ್ತಿ ಹತ್ತು ಎಣಿಸಿರಿ. ಕಟ್ಟಿಗೆ ಬಿಸಿಯನ್ನೂ ಹಬೆಯನ್ನೂ ಹೀರಿಕೊಂಡು ಮಡಿಕೆಯನ್ನು ಗಟ್ಟಿಮಾಡುತ್ತದೆ.

ಸೂಜಿ, ಗುಂಡುಸೂಜಿಗಳಿಗೆ ಮಳೆಗಾಲದ ತುಕ್ಕೇ ವೈರಿ. ಹತ್ತಿ ತುಂಬಿದ ಗಾದಿಯಲ್ಲಿ ಚುಚ್ಚಿಟ್ಟರೆ ಹತ್ತಿ ತೇವ ಹೀರಿ ಸೂಜಿಗೆ ಕೊಡುತ್ತದೆ. ಕುರಿಗಾರರಲ್ಲಿ ಸಿಗುವ ಹಸಿ ಉಣ್ಣೆಯನ್ನು ಅರಿವೆಯಲ್ಲಿ ಕಟ್ಟಿ ತೆಂಗಿನ ಪರಟೆಯಲ್ಲಿ ಕೂಡಿಸಿದರೆ, ಉಣ್ಣೆಯ ಸ್ವಾಭಾವಿಕ ಜಿಡ್ಡು ಸೂಜಿಯನ್ನು ಕಾಯುತ್ತದೆ. ಹೊಲಿಯುವ ಮೊದಲು ಸೂಜಿಯನ್ನು ಒಮ್ಮೆ ಒರಸಿದರಾಯಿತು. ಕೌದಿಯ ದಪ್ಪ ಹೊಲಿಗೆಯಲ್ಲಿ ಬೆರಳು ನೋಯದಿರಲು, ಅಥಣಿಯ ಚಪ್ಪಲಿ ಕೆಲಸದವರ ಹತ್ತಿರ ಉಳಿಯುವ ತೆಳು ತೊಗಲಿನ ಚೂರನ್ನು ಬೆರಳಿನ ಅಳತೆಗೆ ಹೊಲಿದು ತೊಟ್ಟರೆ ಒಳ್ಳೆಯ ಅಂಗುಸ್ತಾನವಾಗುತ್ತದೆ.

ರೇಡಿಯೋ ಇರುವ ಮನೆಗಳಿಗೆ ಇನ್ನೊಂದು ಲಾಭವುಂಟು. ಕೆಟ್ಟು ಅಟ್ಟ ಸೇರಿದ ರೇಡಿಯೋದ ಸ್ಪೀಕರಿನಲ್ಲಿ ಬಲವಾದ ಅಯಸ್ಕಾಂತವಿರುತ್ತದೆ. ಅದನ್ನು ಅರಿವೆಯ ಚೀಲದಲ್ಲಿ ಹಾಕಿ ನೆಲದ ಮೇಲೆ ಆಡಿಸಿದರೆ ಬಿದ್ದ ಗುಂಡುಸೂಜಿಗಳೆಲ್ಲ ಅಂಟಿಕೊಂಡು ಬರುತ್ತವೆ. ತೆವಳುವ ಮಗುವಿರುವ ಮನೆಯಲ್ಲಿ ಇದು ಸಣ್ಣ ಉಪಕಾರವಲ್ಲ. ಆದರೆ ರೇಡಿಯೋವನ್ನು ನೀವೇ ಬಿಚ್ಚಬೇಡಿ. ಹಳೆಯ ವಾಲ್ವ್ ರೇಡಿಯೋದೊಳಗೆ ಪ್ಲಗ್ ತೆಗೆದ ಮೇಲೂ ವಿದ್ಯುತ್ತು ಉಳಿದಿರಬಹುದು. ರಿಪೇರಿಯವನಿಂದ ಬಿಚ್ಚಿಸಿರಿ.

ಕೊನೆಗೆ, ಮನೆಯ ಸಾಮಾನು ಸಲ್ಲದ ಮೂರು ಕೆಲಸಗಳಿವೆ. ಮೊದಲನೆಯದು ಎಣ್ಣೆ. ಮಿಶಿನ್ನಿಗೆ ಶೇಂಗಾ ಎಣ್ಣೆಯನ್ನಾಗಲಿ ಕೊಬ್ಬರಿ ಎಣ್ಣೆಯನ್ನಾಗಲಿ ಹಾಕಬಾರದು. ಅಡಿಗೆಯ ಎಣ್ಣೆ ಗಾಳಿಗೆ ದಿನಕಳೆದಂತೆ ಅಂಟಾಗಿ, ಧೂಳು ಹಿಡಿದು, ಚಕ್ರವನ್ನೇ ಬಿಗಿಮಾಡುತ್ತದೆ. ಮಿಶಿನ್ ಎಣ್ಣೆಯೇ ಬೇಕು. ಹಲ್ಲುಗಳ ನಡುವಿನ ನೂಲುಕಸ ತೆಗೆಯಲು ಮಾತ್ರ ಹಳೆಯ ಹಲ್ಲುಜ್ಜುವ ಬ್ರಶ್ಶು ಬಹಳ ಚೆನ್ನ. ಎರಡನೆಯದು ಕತ್ತರಿ. ಬಟ್ಟೆಯ ಕತ್ತರಿಯಿಂದ ಕಾಗದ ಕತ್ತರಿಸಿದರೆ ಅದರ ಮೊನೆ ಬೇಗ ಮೊಂಡಾಗುತ್ತದೆ. ಮಾದರಿಯ ಹಾಳೆಗೆ ಬೇರೆ ಕತ್ತರಿ ಇರಲಿ. ಬಟ್ಟೆಯ ಕತ್ತರಿಯನ್ನು ಸಾಣೆಯವನಿಗೇ ಕೊಡಿ.

ಮೂರನೆಯದು ಅಳತೆ. 1956ರ ಕಾಯ್ದೆಯ ನಂತರ ಅಂಗಡಿಯ ಬಟ್ಟೆ ಗಜದಿಂದ ಮೀಟರಿಗೆ ಬಂತು. ಹೊಲಿಯುವವರ ಕೈಯಲ್ಲಿ ಇಂದಿಗೂ ಇಂಚಿನ ಲೆಕ್ಕವೇ ನಡೆದಿದೆ. ಒಂದು ಇಂಚೆಂದರೆ 2.54 ಸೆಂಟಿಮೀಟರ್ ಎಂಬುದು ನೆನಪಿರಲಿ. ಅರಿವೆಯ ಟೇಪು ವರ್ಷಗಳು ಕಳೆದಂತೆ ಜಗ್ಗಿ ಉದ್ದವಾಗುತ್ತದೆ. ಕುಬಸದ ಎದೆಸುತ್ತನ್ನು ನಾಲ್ಕು ಭಾಗ ಮಾಡಿ ಕತ್ತರಿಸುವಾಗ ಪ್ರತಿ ಭಾಗದಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೆ ಒಟ್ಟು 2 ಸೆಂಟಿಮೀಟರ್ ತಪ್ಪಿತು. ಕುಬಸ ಮೈಗೆ ಕೂಡುವುದಿಲ್ಲ. ಮಕ್ಕಳ ಪಾಟಿಚೀಲದಲ್ಲಿರುವ ಉಕ್ಕಿನ ಪಟ್ಟಿಯ ಪಕ್ಕದಲ್ಲಿ ಟೇಪನ್ನು ಹಿಡಿದು ಆಗಾಗ ತಾಳೆ ನೋಡಿರಿ. ಹೊಂದದಿದ್ದರೆ ಆ ಟೇಪನ್ನು ಕಟ್ಟು ಕಟ್ಟುವುದಕ್ಕೆ ಬಳಸಿ, ಹೊಸದನ್ನು ಕೊಳ್ಳಿರಿ. ಬೇರೆ ಕಡೆ ಉಳಿಸಿದ ದುಡ್ಡನ್ನು ಈ ಮೂರಕ್ಕೆ ಹಾಕಿದರೆ ಗಿರಾಕಿಯ ಖಣವೂ ಉಳಿಯುತ್ತದೆ, ನಿಮ್ಮ ಕೈಯ ಹೆಸರೂ ಉಳಿಯುತ್ತದೆ.